ಬಟ್ಟೆ ಬಿಚ್ಚಲೇಬೇಕಾ ಮೇಡಂ?

(ಹೆಸರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರೂ ಓದಿ ಒಪ್ಪಿದ್ದಾರೆ.)

ಲತಾ ಶಿರಸಿ ಕಡೆಯವರು. ವಯಸ್ಸು 29. ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ನನ್ನ ಹತ್ತಿರ ಆಪ್ತಸಲಹೆಗೆ ಬಂದಿದ್ದು ಒಂದೇ ಕಾರಣಕ್ಕೆ. ಶಿರಸಿಯಲ್ಲಾದರೆ ಯಾರಾದರೂ ಪರಿಚಯದವರು ಸಿಕ್ಕೇ ಸಿಗುತ್ತಾರೆ. ಅತ್ತೆಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆ ಎಂದು ಹೇಳಿ ಬಂದಿದ್ದರು.

ಮದುವೆಯಾಗಿ ಮೂರು ವರ್ಷ. ಗಂಡ ಗಣೇಶ್ ಒಂದೂವರೆ ವರ್ಷದಿಂದ ಜರ್ಮನಿಯ ಮ್ಯೂನಿಕ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಲತಾ ಅವರ ವೀಸಾ ಆಗಿತ್ತು. ಹೊರಡಲು ನಾಲ್ಕು ತಿಂಗಳಿತ್ತು. ಆಗ ಒಂದು ಭಾನುವಾರ ಗಣೇಶ್ ಫೋನಿನಲ್ಲಿ, ಆಫೀಸಿನವರ ಜೊತೆ ಸ್ಟೀಮ್ ಬಾತ್‌ಗೆ ಹೋಗಿದ್ದೆ ಎಂದರು. ಇವರು ಸುಮ್ನೆ ಕುತೂಹಲಕ್ಕೆ ಯೂಟ್ಯೂಬ್‌ನಲ್ಲಿ ಹುಡುಕಿದರು. ಜರ್ಮನಿಯ ಸೌನಾದಲ್ಲಿ, ಅಂದರೆ ಬಿಸಿ ಕೋಣೆಯಲ್ಲಿ ಕೂತು ಬೆವರುವ ಜಾಗದಲ್ಲಿ, ಗಂಡಸರು, ಹೆಂಗಸರು ಒಟ್ಟಿಗೇ, ಮೈಮೇಲೆ ಬಟ್ಟೆಯಿಲ್ಲದೆ ಕೂರುತ್ತಾರೆ ಎಂದು ಗೊತ್ತಾಯಿತು. ರಾತ್ರಿ ಕೇಳಿದರು. ಗಣೇಶ್ ಮೊದಲು ಫೋನ್ ಇಟ್ಟರು. ಮರುದಿನ ಮಾಡಿ, "ಇಲ್ಲಿ ಅದು ಮಾಮೂಲಿ. ನೀನು ಬಂದ ಮೇಲೆ ನಿನ್ನನ್ನೂ ಕರ್ಕೊಂಡು ಹೋಗ್ತೆ. ಹಳ್ಳಿಯವರ ಥರ ಆಡಬೇಡ" ಎಂದರು.

ಅಲ್ಲಿಂದ ಮೂರು ವಾರ ಲತಾ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಮೊದಲ ಭೇಟಿಯಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ, "ಇವರು ಕೆಟ್ಟರಾ ಮೇಡಂ?" ಎರಡನೆಯದು, "ನಾನು ಹೋದರೆ ಬಟ್ಟೆ ಬಿಚ್ಚಲೇಬೇಕಾ?"

ನಾನು ಎರಡಕ್ಕೂ ಇಲ್ಲ ಎಂದೆ. ಆಮೇಲೆ ಒಂದು ತಪ್ಪು ಮಾಡಿದೆ. ಅಲ್ಲಿಯ ಪದ್ಧತಿ ವಿವರಿಸಲು ಶುರು ಮಾಡಿದೆ. ಅವರು ತಲೆ ಆಡಿಸುತ್ತಾ ಕೇಳಿದರು. ಸೆರಗನ್ನು ಬಲ ಹೆಗಲಿನ ಮೇಲೂ ಎಳೆದುಕೊಂಡು, ಅದರ ತುದಿಯನ್ನು ಕುತ್ತಿಗೆ ಹತ್ತಿರ ಮುಷ್ಟಿಯಲ್ಲಿ ಹಿಡಿದಿದ್ದರು. ಮುಕ್ಕಾಲು ಗಂಟೆ ಆ ಮುಷ್ಟಿ ಬಿಡಲೇ ಇಲ್ಲ. ನಾನು ಅದನ್ನು ನೋಡಿದೆ, ಆದರೆ ಕೇಳಲಿಲ್ಲ. ಸೆಕೆಯ ಊರಿಗೆ ಬಂದು ಬೆವರುತ್ತಿದ್ದಾರೆ, ಸಂಕೋಚ ಎಂದುಕೊಂಡೆ.

ಆದರೂ ಆ ದಿನದ ಮಾತು ಪೂರ್ತಿ ವ್ಯರ್ಥವಾಗಲಿಲ್ಲ. ಲತಾ ಬಹಳ ಒಳ್ಳೆಯದೊಂದು ಪ್ರಶ್ನೆ ಕೇಳಿದರು. "ನಮ್ಮ ಪಕ್ಕದ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಪ್ಪು ಅಂತ ಸರ್ಕಾರ ನಿಲ್ಲಿಸಿತು. ಅದನ್ನೇ ಅಲ್ಲಿ ದುಡ್ಡು ಕೊಟ್ಟು ಮಾಡ್ತಾರಲ್ಲ, ಅದು ಹೇಗೆ ಸರಿ?"

ಈ ಪ್ರಶ್ನೆಗೆ ನಾನು ಜಾಸ್ತಿ ಹೊತ್ತು ಕೊಟ್ಟೆ. ಚಂದ್ರಗುತ್ತಿಯಲ್ಲಿ ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು, ಬೆತ್ತಲೆಯಾಗಿ ರೇಣುಕಾಂಬೆಯ ಗುಡ್ಡಕ್ಕೆ ಹೋಗುತ್ತಿದ್ದರು. ಹೆಚ್ಚಿನವರು ಬಡವರು, ದಲಿತರು. ಹರಕೆ ತಪ್ಪಿದರೆ ದೇವಿ ಮುನಿಯುತ್ತಾಳೆ ಎಂಬ ಭಯ. ದಾರಿಯುದ್ದಕ್ಕೂ ಬಟ್ಟೆ ಹಾಕಿಕೊಂಡವರ ಗುಂಪು ನಿಂತು ನೋಡುತ್ತಿತ್ತು. ಕ್ಯಾಮರಾ ಬೇರೆ. 1986ರಲ್ಲಿ ಅಲ್ಲಿ ದೊಡ್ಡ ಗಲಾಟೆಯಾಯಿತು, ಆಮೇಲೆ ನಿಷೇಧ ಬಂತು. ಅಲ್ಲಿ ಆ ಹೆಂಗಸರಿಗೆ ಬೇಡ ಎನ್ನುವ ದಾರಿಯೇ ಇರಲಿಲ್ಲ. ಸೌನಾದಲ್ಲಿ ಎಲ್ಲರೂ ಒಂದೇ ಥರ ಇರುತ್ತಾರೆ, ನಿಂತು ನೋಡುವ ಗುಂಪು ಇಲ್ಲ, ಬಾಗಿಲು ತೆಗೆದು ಎದ್ದು ಬರಬಹುದು. ಇಷ್ಟು ಹೇಳಿ ನಾನು ಒಂದು ಮಾತು ಸೇರಿಸಿದೆ. ಗಂಡ ಒತ್ತಾಯ ಮಾಡಿದ್ದಕ್ಕೆ ನೀವು ಹೋಗಿ ಕೂತರೆ, ನಿಮ್ಮ ಮಟ್ಟಿಗೆ ಅದೂ ಚಂದ್ರಗುತ್ತಿಯೇ.

ಅವರು ಈ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಎರಡನೇ ಭೇಟಿಯಲ್ಲಿ ನಾನು ವಿವರಣೆ ಬಿಟ್ಟೆ. "ಹೆಗಲಿಗೆ ಏನಾಗಿದೆ?" ಎಂದು ಕೇಳಿದೆ.

ಒಂಬತ್ತು ವರ್ಷದವರಿದ್ದಾಗ ಅಜ್ಜನ ಮನೆಯ ಆಲೆಮನೆ. ಮಕ್ಕಳೆಲ್ಲ ಕಬ್ಬಿನ ಹಾಲು ಕುಡಿದು ಕೊಪ್ಪರಿಗೆಯ ಸುತ್ತ ಆಡುತ್ತಿದ್ದರು. ಕುದಿಯುವ ಬೆಲ್ಲದ ಪಾಕ ಸಿಡಿಯಿತು. ಪಾಕ ನೀರಿನ ಹಾಗೆ ಜಾರಿ ಹೋಗುವುದಿಲ್ಲ, ಅಂಟಿಕೊಂಡೇ ಸುಡುತ್ತದೆ. ಬಲ ಹೆಗಲಿನಿಂದ ಎದೆಯ ಮೇಲ್ಭಾಗದವರೆಗೆ ಸುಟ್ಟ ಕಲೆ ಉಳಿಯಿತು. ಅಮ್ಮ ಅಂದಿನಿಂದ ಕುತ್ತಿಗೆವರೆಗೆ ಮುಚ್ಚುವ ರವಿಕೆ ಹೊಲಿಸಿದರು. ಹೆಣ್ಣು ನೋಡಲು ಬಂದಾಗ ಹೇಳುವುದು ಬೇಡ ಎಂದೂ ಅಮ್ಮನೇ ಹೇಳಿದ್ದು.

"ಇವರಿಗೆ ಗೊತ್ತಾ?"

"ಕೈಗೆ ಗೊತ್ತು ಮೇಡಂ. ಕಣ್ಣಿಗೆ ಗೊತ್ತಿಲ್ಲ. ನಾನು ಯಾವಾಗಲೂ ಲೈಟ್ ಆರಿಸ್ತೆ."

ಮೂರು ವರ್ಷ ಸಂಸಾರ ಮಾಡಿದ ಗಂಡನಿಗೇ ತೋರಿಸದ ಮೈಯನ್ನು ಪರದೇಶದಲ್ಲಿ ಹತ್ತು ಜನರ ಎದುರು ತೋರಿಸು ಎಂದರೆ ಯಾರಿಗೆ ನಿದ್ದೆ ಬರುತ್ತದೆ? ಅದೂ ಹಳ್ಳಿ ಎಂಬ ಮಾತಿನ ಜೊತೆಗೆ.

ಗಣೇಶ್ ಜೊತೆ ವಿಡಿಯೊ ಕಾಲ್‌ನಲ್ಲಿ ಎರಡು ಸಲ ಒಬ್ಬರೇ ಇದ್ದಾಗ ಮಾತಾಡಿದೆ. ಮೊದಲ ಸಲ ಅವರು ಪಾಠ ಒಪ್ಪಿಸಿದ ಹಾಗೆ ಹೇಳಿದರು. ಇದು ಆರೋಗ್ಯಕ್ಕೆ, ಇದರಲ್ಲಿ ಕಾಮ ಇಲ್ಲ, ಇಲ್ಲಿ ನೂರು ವರ್ಷದ ಪದ್ಧತಿ. ಅವರು ಹೇಳಿದ್ದು ಸುಳ್ಳಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ಕಾರ್ಖಾನೆ ಹೊಗೆ ತುಂಬಿದ ಊರುಗಳಿಂದ ತಪ್ಪಿಸಿಕೊಂಡು ಬಿಸಿಲು, ಗಾಳಿಗೆ ಮೈಯೊಡ್ಡಬೇಕು ಎಂದು ಜರ್ಮನಿಯಲ್ಲಿ ಶುರುವಾದ ಬೆತ್ತಲೆ ಚಳವಳಿ ಅದರ ಬೇರು. ಎಫ್‌ಕೆಕೆ ಎನ್ನುತ್ತಾರೆ, ಮುಕ್ತ ದೇಹ ಸಂಸ್ಕೃತಿ ಎಂದರ್ಥ. ಜರ್ಮನಿಯ ಸಿಲ್ಟ್ ದ್ವೀಪದಲ್ಲಿ 1920ರಿಂದಲೇ ಬೆತ್ತಲೆ ಕಡಲತೀರ ಇದೆ. 1953ರಲ್ಲಿ ಫ್ರಾನ್ಸಿನ ಮೊಂತಾಲಿವೆಯಲ್ಲಿ ಇಂಥವರ ಅಂತರರಾಷ್ಟ್ರೀಯ ಒಕ್ಕೂಟವೂ ಆಯಿತು. ನಮ್ಮದೇ ಪಶ್ಚಿಮ ಕರಾವಳಿಯಲ್ಲಿ, ಮುಂಬೈ ಪಕ್ಕದ ಥಾಣೆ ಊರಿನಲ್ಲಿ 1891ರಲ್ಲಿ ಒಬ್ಬ ಬ್ರಿಟಿಷ್ ಜಡ್ಜ್ ಇಂಥದ್ದೇ ಒಂದು ಸಂಘ ಕಟ್ಟಿದ್ದರು. ಅದರಲ್ಲಿದ್ದದ್ದು ಮೂರೇ ಜನ. ಆದರೆ ಇತಿಹಾಸ ಹೆಂಡತಿಗೆ ಸುಳ್ಳು ಹೇಳಿದ್ದಕ್ಕೆ ಉತ್ತರ ಅಲ್ಲ, ಅಲ್ವಾ? ಸ್ಟೀಮ್ ಬಾತ್ ಎಂದು ಯಾಕೆ ಹೇಳಿದಿರಿ ಎಂದು ಕೇಳಿದೆ.

ಎರಡನೇ ಸಲ ಉತ್ತರ ಬಂತು. ಗಣೇಶ್ ಚಿಕ್ಕಂದಿನಲ್ಲಿ ದಪ್ಪ ಇದ್ದರಂತೆ. ಬೇಸಿಗೆ ರಜೆಯಲ್ಲಿ ಹೊಳೆಗೆ ಈಜಲು ಹೋದರೆ ಹುಡುಗರೆಲ್ಲ ಅಂಗಿ ಕಳಚಿ ಹಾರುವಾಗ ಇವರು ಅಂಗಿ ಹಾಕಿಕೊಂಡೇ ಇಳಿಯುತ್ತಿದ್ದರು. ಈಗಲೂ ಮನೆಯಲ್ಲಿ ಬನಿಯನ್ ಇಲ್ಲದೆ ಓಡಾಡುವುದಿಲ್ಲ. ಸೌನಾದಲ್ಲಿ ಮೊದಲ ದಿನ ಹತ್ತು ನಿಮಿಷ ಟವೆಲ್ ಬಿಗಿಯಾಗಿ ಹಿಡಿದು ಕೂತರು. ಪಕ್ಕದಲ್ಲಿ ಎಪ್ಪತ್ತರ ಅಜ್ಜ, ಎದುರಿಗೆ ದೊಡ್ಡ ಹೊಟ್ಟೆಯ ಮ್ಯಾನೇಜರ್. ಯಾರೂ ಇವರನ್ನು ನೋಡಲೇ ಇಲ್ಲ. "ಜೀವನದಲ್ಲಿ ಮೊದಲ ಸಲ ನನ್ನ ಹೊಟ್ಟೆ ಮರೆತುಹೋಯ್ತು ಮೇಡಂ" ಎಂದರು. ಹೆಂಡತಿಗೆ ಇದನ್ನು ಹೇಳಲು ನಾಚಿಕೆ. ಅದಕ್ಕೇ ಸ್ಟೀಮ್ ಬಾತ್.

ಒಂದೇ ಥರದ ನಾಚಿಕೆಯನ್ನು ಇಬ್ಬರೂ ಒಬ್ಬರಿಂದೊಬ್ಬರು ಮುಚ್ಚಿಟ್ಟಿದ್ದರು. ನನ್ನ ಕೆಲಸ ಅಲ್ಲಿಂದ ಸುಲಭವಾಯಿತು.

ಡಿಸೆಂಬರಿನಲ್ಲಿ ಗಣೇಶ್ ರಜೆಗೆ ಬಂದಾಗ ಇಬ್ಬರೂ ಒಟ್ಟಿಗೆ ಬಂದರು. ಲತಾ ಅವರ ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳು ಒಂದು ಪುಟ ತುಂಬಿದ್ದವು. ಹೊಸಬರು ಕೇಳುವ ಪ್ರಶ್ನೆಗಳು ಎಲ್ಲ ಕಡೆಯೂ ಸುಮಾರು ಇವೇ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ದಿಟ್ಟಿಸಿ ನೋಡುತ್ತಾರಾ? ಕಣ್ಣು ಬೀಳುತ್ತದೆ, ನಿಲ್ಲಬಾರದು. ಮಾತಾಡುವಾಗ ಮುಖ ನೋಡುವುದು ಅಲ್ಲಿಯ ಮರ್ಯಾದೆ. ಯಾರಾದರೂ ಗುರಾಯಿಸಿದರೆ ಸಿಬ್ಬಂದಿಗೆ ಹೇಳಬಹುದು. ಒಪ್ಪಿಗೆಯಿಲ್ಲದೆ ಮುಟ್ಟುವುದು, ಮೈ ಬಗ್ಗೆ ಮಾತಾಡುವುದು ಅಲ್ಲಿಯೂ ತಪ್ಪೇ. ಫೋನನ್ನು ಬೀಗ ಹಾಕಿ ಇಡಬೇಕು. ಫೋಟೊ ಮಾತೇ ಇಲ್ಲ.

ಕೂರುವುದು ಹೇಗೆ? ಸ್ವಂತ ಟವೆಲ್ ಹಾಸಿ ಅದರ ಮೇಲೆ. ಸೌನಾದಲ್ಲಿ ಕಾಲಿನ ಬೆವರೂ ಮರದ ಹಲಗೆಗೆ ತಾಗಬಾರದು, ಒಳಗೆ ಹೋಗುವ ಮೊದಲು ಸ್ನಾನ ಆಗಿರಬೇಕು. ಇದನ್ನು ಕೇಳಿ ಲತಾ, "ಓ, ಅವರಿಗೂ ಮಡಿ ಉಂಟು" ಎಂದರು. ಅಂದು ಅವರು ಮೊದಲ ಸಲ ನಕ್ಕಿದ್ದು.

ಈಜುಡುಗೆ ಹಾಕಿಕೊಂಡು ಹೋಗಬಹುದಾ? ಇದು ಜಾಗದ ಮೇಲೆ. ಮ್ಯೂನಿಕ್ ಪಕ್ಕದ ಎರ್ಡಿಂಗ್‌ನಲ್ಲಿ ದೊಡ್ಡ ಥರ್ಮಲ್ ಸ್ನಾನದ ಕೇಂದ್ರ ಇದೆ. ಅದರ ಸೌನಾ ಭಾಗದಲ್ಲಿ ಈಜುಡುಗೆ ನಡೆಯುವುದಿಲ್ಲ. ಟವೆಲ್ ಸುತ್ತಿಕೊಂಡರೆ ಸಾಮಾನ್ಯವಾಗಿ ಯಾರೂ ಏನೂ ಅನ್ನುವುದಿಲ್ಲ. ಕೆರೆ, ಕಡಲತೀರದಲ್ಲಿ ಎಫ್‌ಕೆಕೆ ಎಂಬ ಬೋರ್ಡ್ ಇದ್ದರೆ ಅದು ಬೆತ್ತಲೆಯವರ ಜಾಗ. ಬೋರ್ಡ್ ಗುರುತಿಟ್ಟುಕೊಂಡರೆ ಗೊತ್ತಿಲ್ಲದೆ ಒಳಗೆ ಹೋಗಿ ಗಾಬರಿಯಾಗುವುದು ತಪ್ಪುತ್ತದೆ. ಎಷ್ಟೋ ಸೌನಾಗಳಲ್ಲಿ ವಾರದಲ್ಲಿ ಒಂದು ದಿನ ಹೆಂಗಸರಿಗೆ ಮಾತ್ರ ಎಂದಿರುತ್ತದೆ.

ತಿಂಗಳ ದಿನಗಳಲ್ಲಿ? ಒಳಗೆ ಇಡುವ ಮುಟ್ಟಿನ ಕಪ್ ಅಥವಾ ಟ್ಯಾಂಪೂನ್ ಬಳಸಿ ಹೋಗುವವರು ಇದ್ದಾರೆ. ಬೇಡವೆನ್ನಿಸಿದರೆ ಆ ದಿನ ಬಿಟ್ಟರಾಯಿತು. ಕೂದಲು ತೆಗೆಯಲೇಬೇಕಾ? ಇಲ್ಲ.

ಗಣೇಶ್ ಒಂದು ಪ್ರಶ್ನೆಯನ್ನು ನನ್ನೆದುರು ಕೇಳಲು ಒದ್ದಾಡಿದರು. ಗಂಡಸರಿಗೆ ಮೈ ಮಾತು ಕೇಳದೆ ಉದ್ರೇಕವಾದರೆ? ಹೊಸಬ ಗಂಡಸರೆಲ್ಲರ ಮೊದಲ ಭಯ ಇದೇ. ಆಗುವುದು ಅಪರೂಪ. ಹೊಸ ಜಾಗದ ಹೆದರಿಕೆ, ಬಿಸಿಯ ನಡುವೆ ಮೈ ಸುಮ್ಮನಿರುತ್ತದೆ. ಒಂದು ವೇಳೆ ಆದರೆ ಟವೆಲ್ ಮುಚ್ಚಿಕೊಳ್ಳಿ, ಕವುಚಿ ಮಲಗಿ, ತಣ್ಣೀರಿಗೆ ಇಳಿಯಿರಿ. ಅದನ್ನು ಪ್ರದರ್ಶನ ಮಾಡುವವರನ್ನು ಹೊರಗೆ ಕಳಿಸುತ್ತಾರೆ.

ಲತಾ ಅವರಿಗೆ ಒಂದು ಪ್ರತ್ಯೇಕ ಎಚ್ಚರಿಕೆ ಹೇಳಿದೆ. ಆಳವಾಗಿ ಸುಟ್ಟ ಕಲೆಯ ಚರ್ಮ ಸರಿಯಾಗಿ ಬೆವರುವುದಿಲ್ಲ, ಬಿಸಿಲಿಗೆ ಬೇಗ ಕಂದುತ್ತದೆ. ಸೌನಾದ ಬಿಸಿ ಸಾಮಾನ್ಯವಾಗಿ 80 ಡಿಗ್ರಿಗಿಂತ ಮೇಲಿರುತ್ತದೆ. ಹೋಗುವ ಮನಸ್ಸಾದರೆ ಮೊದಲು ಚರ್ಮದ ಡಾಕ್ಟರನ್ನು ಕೇಳಿ, ಕಡಿಮೆ ಬಿಸಿಯ ಕೋಣೆಯಲ್ಲಿ ಐದೇ ನಿಮಿಷದಿಂದ ಶುರು ಮಾಡಿ. ಬಿಸಿಲಿನಲ್ಲಿ ಸನ್‌ಸ್ಕ್ರೀನ್ ಮರೆಯಬೇಡಿ.

ಗಣೇಶ್ ಸಹಜವಾಗಿ ಕೇಳಿದರು. "ಹಾಗಾದರೆ ಗೋಕರ್ಣದಲ್ಲೇ ಒಂದು ಸಲ ಪ್ರಯತ್ನಿಸಬಹುದಲ್ಲ? ಫಾರಿನ್‌ನವರು ಬರ್ತಾರೆ." ಬೇಡ ಎಂದು ಖಡಾಖಂಡಿತ ಹೇಳಿದೆ. ಭಾರತದಲ್ಲಿ ಕಾನೂನು ಒಪ್ಪಿದ ಬೆತ್ತಲೆ ಕಡಲತೀರ ಒಂದೂ ಇಲ್ಲ. ಸಾರ್ವಜನಿಕ ಜಾಗದಲ್ಲಿ ಬೇರೆಯವರಿಗೆ ಕಿರಿಕಿರಿಯಾಗುವ ಅಶ್ಲೀಲ ವರ್ತನೆಗೆ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ ಪ್ರಕಾರ 3 ತಿಂಗಳವರೆಗೆ ಜೈಲು, 1000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. 2020ರಲ್ಲಿ ಪಕ್ಕದ ಗೋವಾದ ಕಡಲತೀರದಲ್ಲಿ ಬೆತ್ತಲೆ ಓಡಿದ ಫೋಟೊ ಹಾಕಿದ ಪ್ರಸಿದ್ಧ ಮಾಡೆಲ್ ಮೇಲೂ ಕೇಸಾಗಿತ್ತು. ಕಾನೂನು ಪಕ್ಕಕ್ಕಿಡಿ. ಕುಡ್ಲೆ, ಓಂ ಬೀಚುಗಳು ಅಲ್ಲಿ ಬಲೆ ಎಳೆಯುವವರ, ಅಂಗಡಿ ಇಟ್ಟವರ, ತಿಥಿ ಮಾಡಲು ಬಂದು ಕಡಲು ನೋಡಲು ನಿಂತವರ ಜಾಗವೂ ಹೌದು. ಅವರನ್ನು ಯಾರೂ ಒಪ್ಪಿಗೆ ಕೇಳಿಲ್ಲ. ಇದೇ ಕಾರಣಕ್ಕೆ, ಅಲ್ಲಿ ಸ್ನಾನಕ್ಕಿಳಿದ ಹೆಂಗಸರನ್ನು ಮೊಬೈಲಿನಲ್ಲಿ ಹಿಡಿಯುವ ನಮ್ಮ ಹುಡುಗರ ಬಗ್ಗೆಯೂ ನನಗೆ ಬಹಳ ಸಿಟ್ಟಿದೆ. ಒಬ್ಬರ ಗುಪ್ತಾಂಗದ ಚಿತ್ರವನ್ನು ಅವರ ಖಾಸಗಿತನ ಮುರಿದು, ಒಪ್ಪಿಗೆಯಿಲ್ಲದೆ ತೆಗೆದರೆ ಐಟಿ ಕಾಯ್ದೆಯ 66ಇ ಕಲಂನಡಿ 3 ವರ್ಷದವರೆಗೆ ಜೈಲಾಗಬಹುದು.

ಲತಾ ಕೇಳಿದ ಕೊನೆಯ ಪ್ರಶ್ನೆ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. "ಇದೆಲ್ಲ ನಮ್ಮ ಸಂಸ್ಕೃತಿಯೇ ಅಲ್ಲ ಅಂತ ಅತ್ತೆ ಅಂದರೆ ಏನು ಹೇಳಲಿ?"

ನಾನು ಅಂಕೋಲಾ ಕಡೆ ಬೆಳೆದವಳು. ತರಕಾರಿ ಬುಟ್ಟಿ ಹೊತ್ತು ನಮ್ಮ ಮನೆಗೆ ಬರುತ್ತಿದ್ದ ಹಾಲಕ್ಕಿ ಸಮುದಾಯದ ಅಜ್ಜಿಯರು ರವಿಕೆ ತೊಡುತ್ತಿರಲಿಲ್ಲ. ಹೆಗಲಿಗೆ ಸೀರೆಯ ಗಂಟು, ಕೊರಳಿನಿಂದ ಎದೆಯವರೆಗೆ ಕರಿಮಣಿ ಸರ, ಬಿಸಿಲಿಗೆ ಹೊಳೆಯುವ ಬೆನ್ನು. ಅಮ್ಮ ಅವರಿಗೆ ಮಜ್ಜಿಗೆ ಕೊಟ್ಟು ಜಗಲಿಯಲ್ಲಿ ಕೂರಿಸಿ ಮಾತಾಡುತ್ತಿದ್ದಳು. ಬರಿ ಮೈ ಎಂದು ನಮಗೆ ಹೊಳೆದೇ ಇರಲಿಲ್ಲ. ಎಷ್ಟು ಮುಚ್ಚಿದರೆ ಮರ್ಯಾದೆ ಎನ್ನುವುದು ಊರಿಂದ ಊರಿಗೆ, ಕಾಲದಿಂದ ಕಾಲಕ್ಕೆ ಬದಲಾಗುತ್ತಾ ಬಂದಿದೆ. ಇಷ್ಟು ಹೇಳಿ, ಅತ್ತೆಗೆ ಎಲ್ಲವನ್ನೂ ಹೇಳಲೇಬೇಕೆಂದಿಲ್ಲ ಎಂದೂ ಹೇಳಿದೆ. ಗಂಡ ಹೆಂಡತಿಯ ನಡುವೆ ಮುಚ್ಚುಮರೆ ಬೇಡ ಎಂದರೆ ಮನೆಯವರಿಗೆಲ್ಲ ವರದಿ ಒಪ್ಪಿಸಬೇಕು ಎಂದಲ್ಲ.

ನಾನು ಕೊಟ್ಟ ಸಲಹೆ ಮೂರೇ. ಗಣೇಶ್ ಆ ಹಳ್ಳಿ ಎಂಬ ಮಾತನ್ನು ವಾಪಸ್ ತೆಗೆದುಕೊಳ್ಳಬೇಕು. ಅವರು ಅಲ್ಲೇ ನನ್ನೆದುರು ಕ್ಷಮೆ ಕೇಳಿದರು. ಲತಾ ಹೋಗಿ ಆರು ತಿಂಗಳು ಸೌನಾ, ಕೆರೆಯ ಮಾತನ್ನು ಗಣೇಶ್ ಎತ್ತಬಾರದು. ಎತ್ತುವುದಿದ್ದರೆ ಲತಾ ಎತ್ತಬೇಕು. ಅವರು ಬೇಡ ಎಂದ ದಿನ ಗಣೇಶ್ ಒಬ್ಬರೇ ಹೋಗಬಹುದಾ ಎನ್ನುವುದನ್ನೂ ಇಬ್ಬರೂ ಮೊದಲೇ ಮಾತಾಡಿಕೊಳ್ಳಬೇಕು. ಮೂರನೆಯದು, ಮ್ಯೂನಿಕ್‌ನದ್ದಲ್ಲ, ಶಿರಸಿಯದ್ದು. ಲತಾ ಅವರಿಗೆ ಒಪ್ಪಿಗೆ ಇದ್ದರೆ ಮಾತ್ರ, ಒಂದು ರಾತ್ರಿ ಲೈಟ್ ಆರಿಸದೆ ಇರುವುದು.

ಎಂಟು ದಿನ ಬಿಟ್ಟು ಲತಾ ಫೋನ್ ಮಾಡಿದರು. ಗಣೇಶ್ ಬಹಳ ಹೊತ್ತು ಏನೂ ಮಾತಾಡಲಿಲ್ಲವಂತೆ. ಆಮೇಲೆ, "ಈಗಲೂ ಉರಿತದಾ?" ಎಂದು ಕೇಳಿದರಂತೆ. ಬನಿಯನ್ ಅವರೂ ತೆಗೆದಿಟ್ಟಿದ್ದರು.

ಲತಾ ಹೋಗಿ ಈಗ ಎಂಟು ತಿಂಗಳಾಯಿತು. ಮೊನ್ನೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಬಂತು. ಬೇಸಿಗೆಯಲ್ಲಿ ಕೆರೆಗೆ ಹೋಗಿದ್ದರು. ಉದ್ದ ತೋಳಿನ ಈಜುಡುಗೆ ಹಾಕಿ ಸೊಂಟದವರೆಗಿನ ನೀರಿನಲ್ಲಿ ನಿಂತರು. ಆಚೆ ದಡದಲ್ಲಿ ಬೆತ್ತಲೆ ಮಲಗಿದವರು ಇದ್ದರು, ನೋಡಿದರು, ಮರೆತರು. ಸೌನಾಕ್ಕೆ ಇನ್ನೂ ಹೋಗಿಲ್ಲ. ಗಣೇಶ್ ಕೇಳಿಯೂ ಇಲ್ಲ. "ಇಲ್ಲಿ ಸೆಕೆಗೆ ಕುತ್ತಿಗೆ ತನಕದ ರವಿಕೆ ಆಗ್ತಿಲ್ಲ ಮೇಡಂ. ಅಗಲ ಕೊರಳಿನ ಎರಡು ಅಂಗಿ ತಗೊಂಡೆ" ಎಂದಿದ್ದರು.