ಏನೂ ನಡೆಯದ ಸಿನಿಮಾ ನೋಡುವುದು ಹೇಗೆ?

ಸಾಮಾನ್ಯ ಜನರ ಬದುಕು ತೋರಿಸುವ ವಿದೇಶಿ ಸಿನಿಮಾಗಳನ್ನು ಎಲ್ಲರೂ ಹೊಗಳುತ್ತಾರೆ, ನನಗೆ ಮಾತ್ರ ಅರ್ಧ ಗಂಟೆಗೇ ನಿದ್ದೆ ಬರುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ.

ನಾನು ಶಿರಸಿ ಕಡೆಯವನು. ನಮ್ಮಲ್ಲಿ ತಾಳಮದ್ದಳೆಗೆ ಬಂದವರಿಗೆಲ್ಲ ಕರ್ಣ ಕೊನೆಗೆ ಸಾಯುತ್ತಾನೆ ಅಂತ ಗೊತ್ತು. ಯಕ್ಷಗಾನದ್ದೇ ಕಥೆ, ಆದರೆ ವೇಷ ಇಲ್ಲ, ಕುಣಿತ ಇಲ್ಲ, ಪಾತ್ರ ವಹಿಸುವ ಅರ್ಥಧಾರಿಗಳು ಕೂತೇ ಮಾತಾಡುತ್ತಾರೆ. ಆದರೂ ಜನ ಕವಳ ಹಾಕಿಕೊಂಡು ಸರಿರಾತ್ರಿವರೆಗೆ ಕೇಳುತ್ತಾರೆ. ಮುಂದೇನಾಗುತ್ತದೆ ಅಂತಲ್ಲ, ಇವತ್ತಿನ ಕರ್ಣ ಶಲ್ಯನಿಗೆ ಏನು ಉತ್ತರ ಕೊಡುತ್ತಾನೆ ಅಂತ. ಈ ಸಿನಿಮಾಗಳನ್ನೂ ಹಾಗೇ ನೋಡಿ.

ಜಪಾನಿನ ನಿರ್ದೇಶಕ ಯಸುಜಿರೊ ಓಜು 1953ರಲ್ಲಿ ಮಾಡಿದ ‘ಟೋಕಿಯೋ ಸ್ಟೋರಿ’ ತಗೊಳ್ಳಿ. ಒನೊಮಿಚಿ ಎಂಬ ಕಡಲ ಬದಿಯ ಊರಿನಿಂದ ವಯಸ್ಸಾದ ಅಪ್ಪ ಅಮ್ಮ ಟೋಕಿಯೋದಲ್ಲಿರುವ ಮಕ್ಕಳನ್ನು ನೋಡಲು ಹೋಗುತ್ತಾರೆ. ಮಗ ಡಾಕ್ಟರು, ಮಗಳದ್ದು ಬ್ಯೂಟಿ ಪಾರ್ಲರು. ಯಾರಿಗೂ ಪುರುಸೊತ್ತಿಲ್ಲ. ದುಡ್ಡು ಹಾಕಿ ಇಬ್ಬರನ್ನೂ ಅಟಾಮಿಯ ಬಿಸಿನೀರ ಬುಗ್ಗೆಗೆ ಸಾಗಹಾಕುತ್ತಾರೆ. ಅಲ್ಲಿ ರಾತ್ರಿಯೆಲ್ಲ ಗಲಾಟೆ, ನಿದ್ದೆಯಿಲ್ಲ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಸೊಸೆ ಮಾತ್ರ ರಜೆ ಹಾಕಿ ಊರು ತೋರಿಸುತ್ತಾಳೆ. ದೊಡ್ಡ ಜಗಳವಿಲ್ಲ, ಕೆಟ್ಟವರು ಅಂತ ಬೈಯಲೂ ಯಾರೂ ಸಿಗುವುದಿಲ್ಲ. ಬೆಂಗಳೂರಿನ ಮಗನ ಫ್ಲಾಟಿಗೆ ಹೋಗಿ, ತೋಟಕ್ಕೆ ನೀರು ಬಿಡಬೇಕು ಅಂತ ನೆವ ಹೇಳಿ ಬೇಗ ವಾಪಸ್ ಬರುವವರು ನಮ್ಮಲ್ಲೇನು ಕಡಿಮೆಯೇ? ಓಜು ಕ್ಯಾಮೆರಾವನ್ನು ನೆಲದ ಹತ್ತಿರವೇ ಇಡುತ್ತಾರೆ. ನಾವೂ ಅವರ ಮನೆಯ ಚಾಪೆ ಮೇಲೆ ಕೂತ ಹಾಗಿರುತ್ತದೆ.

ಆದರೆ ಇದರಿಂದಲೇ ಶುರು ಮಾಡಬೇಡಿ, ಎರಡು ಗಂಟೆಗಿಂತ ಜಾಸ್ತಿ ಇದೆ. ಮೊದಲು ಇರಾನಿನ ಅಬ್ಬಾಸ್ ಕಿಯರೋಸ್ತಮಿಯವರ ‘ವೇರ್ ಈಸ್ ದ ಫ್ರೆಂಡ್ಸ್ ಹೌಸ್’ (1987) ನೋಡಿ. ಒಂದೂವರೆ ಗಂಟೆಯೂ ಇಲ್ಲ. ಹುಡುಗನೊಬ್ಬ ಗೆಳೆಯನ ನೋಟ್‌ಬುಕ್ಕನ್ನು ಗೊತ್ತಿಲ್ಲದೆ ಮನೆಗೆ ತಂದಿದ್ದಾನೆ. ಹೋಂವರ್ಕ್ ಅದರಲ್ಲಿ ಬರೆಯದಿದ್ದರೆ ಗೆಳೆಯನನ್ನು ಶಾಲೆಯಿಂದ ಹೊರಗೆ ಹಾಕುತ್ತಾರೆ. ಪಕ್ಕದ ಊರಿಗೆ ಹೋಗಿ ಅವನ ಮನೆ ಹುಡುಕಬೇಕು. ದೊಡ್ಡವರು ಕಿವಿಗೇ ಹಾಕಿಕೊಳ್ಳುವುದಿಲ್ಲ. ಅಷ್ಟೇ ಕಥೆ. ನಿದ್ದೆ ಬಂದರೆ ಹೇಳಿ ಮಾರಾಯ್ರೆ!

ನಮ್ಮ ಕಡೆಯದೇ ಬೇಕು ಅಂದ್ರೆ ನಟೇಶ್ ಹೆಗಡೆಯವರ ‘ಪೆದ್ರೊ’ ಇದೆ. 2021ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವಕ್ಕೆ ಹೋಗಿತ್ತು. ಪೆದ್ರೊ ಆಗಿರುವುದು ಅವರ ಅಪ್ಪನೇ. ಊರೊಂದು ಒಬ್ಬನನ್ನು ಹೇಗೆ ಮೆಲ್ಲಗೆ ದೂರ ತಳ್ಳುತ್ತದೆ ಅನ್ನುವುದನ್ನು ಗಮನಿಸಿ.

ಸಬ್‌ಟೈಟಲ್ ತಪ್ಪಿದರೆ ಹಿಂದೆ ಹೋಗಿ ಓದಿ, ಪರೀಕ್ಷೆಯೇನಲ್ಲ. ಮೊಬೈಲ್ ಆಚೆ ಕೋಣೆಯಲ್ಲಿರಲಿ. ಹಾಗಂತ ನಿಧಾನ ಇದ್ದದ್ದೆಲ್ಲ ಒಳ್ಳೆಯ ಸಿನಿಮಾ ಅಂತಲ್ಲ. ಸುಮ್ನೆ ಎಳೆದು ಎಳೆದು ಗಂಭೀರ ಮುಖ ಮಾಡುವಂಥವೂ ಬೇಕಾದಷ್ಟಿವೆ. ಅವನ್ನು ನಾನು ಅರ್ಧಕ್ಕೇ ಬಿಟ್ಟು ಏಳುತ್ತೇನೆ, ನೀವೂ ಏಳಿ.