ರೋಗನಿರೋಧಕ ಕೋಶಗಳು ಹೊರಬಿಡುವ ಪುಟ್ಟ ಚೀಲಗಳಲ್ಲಿ ಮೈಕ್ರೋಆರ್‌ಎನ್‌ಎ ಯಾಕಿರುತ್ತದೆ?

ಪಕ್ಕದ ಕೋಶದ ಜೀನ್‌ಗಳ ಕೆಲಸ ತಗ್ಗಿಸಲು ಇದೊಂದು ದಾರಿ. ಮೈಕ್ರೋಆರ್‌ಎನ್‌ಎ ಅಂದರೆ ಸುಮಾರು 22 ಅಕ್ಷರ ಉದ್ದದ ಆರ್‌ಎನ್‌ಎ ತುಣುಕು. ತನಗೆ ಹೊಂದುವ ಎಂಆರ್‌ಎನ್‌ಎಗೆ (ಜೀನ್‌ನ ಸಂದೇಶವನ್ನು ಪ್ರೋಟೀನ್ ತಯಾರಿಗೆ ಒಯ್ಯುವ ಆರ್‌ಎನ್‌ಎ) ಅಂಟಿಕೊಂಡು, ಅದರಿಂದ ಪ್ರೋಟೀನ್ ತಯಾರಾಗದಂತೆ ತಡೆಯುತ್ತದೆ. ಬರೀ ಆರ್‌ಎನ್‌ಎ ರಕ್ತಕ್ಕೆ ಬಿದ್ದರೆ ಅಲ್ಲಿನ ಕಿಣ್ವಗಳು ಬೇಗ ಕತ್ತರಿಸಿ ಹಾಕುತ್ತವೆ. ಕೊಬ್ಬಿನ ಪೊರೆಯ ಚೀಲದೊಳಗಿದ್ದರೆ ಬಚಾವ್. ಇವುಗಳಲ್ಲಿ ಚಿಕ್ಕವಾದ ಎಕ್ಸೋಸೋಮ್‌ಗಳ ಗಾತ್ರ ಸುಮಾರು 30ರಿಂದ 150 ನ್ಯಾನೋಮೀಟರ್.

ಅಲರ್ಜಿಯಲ್ಲಿ ಪಾತ್ರ ವಹಿಸುವ ಮಾಸ್ಟ್ ಎಂಬ ರೋಗನಿರೋಧಕ ಕೋಶಗಳ ಎಕ್ಸೋಸೋಮ್‌ಗಳಲ್ಲಿ ಮೈಕ್ರೋಆರ್‌ಎನ್‌ಎ ಇದೆ ಅಂತ 2007ರಲ್ಲಿ ಗೊತ್ತಾಯಿತು. ರೋಗಾಣುಗಳನ್ನು ಗುರುತಿಸಿ ಹೋರಾಡುವ ಟಿ ಕೋಶಗಳ ಕಥೆ ಇನ್ನೂ ಸ್ವಾರಸ್ಯ. ಟಿ ಕೋಶವೂ ಅದಕ್ಕೆ ಆಂಟಿಜೆನ್ (ರೋಗಾಣುವಿನಂಥವುಗಳ ಗುರುತಿನ ತುಣುಕು) ತೋರಿಸುವ ಕೋಶವೂ ಮೈಗೆ ಮೈ ಅಂಟಿಸಿ ನಿಲ್ಲುತ್ತವೆ, ಅಲ್ವಾ? ಆಗ ಟಿ ಕೋಶ ಆ ಸಂದಿನಲ್ಲೇ ಚೀಲಗಳನ್ನು ಬಿಡುತ್ತದೆ. ಮೈಕ್ರೋಆರ್‌ಎನ್‌ಎ ಎದುರಿನ ಕೋಶಕ್ಕೆ ಸೇರಿ ಅಲ್ಲಿನ ಜೀನ್‌ಗಳನ್ನು ತಗ್ಗಿಸುತ್ತದೆ. ಇಲಿಗಳಲ್ಲಿ ನಿಯಂತ್ರಕ ಟಿ ಕೋಶಗಳು ಇದೇ ರೀತಿ ಲೆಟ್-7ಡಿ ಎಂಬ ಮೈಕ್ರೋಆರ್‌ಎನ್‌ಎ ಕಳಿಸಿ, ಉರಿಯೂತ ಹೆಚ್ಚಿಸುವ ಟಿಎಚ್1 ಎಂಬ ಬಗೆಯ ಟಿ ಕೋಶಗಳನ್ನು ಹದ್ದುಬಸ್ತಿನಲ್ಲಿಡುತ್ತವೆ.

ಚೀಲಕ್ಕೆ ಕೈಗೆ ಸಿಕ್ಕಿದ್ದನ್ನೆಲ್ಲ ಸುಮ್ನೆ ತುಂಬುವುದಿಲ್ಲ. ಕೆಲವು ಮೈಕ್ರೋಆರ್‌ಎನ್‌ಎಗಳಲ್ಲಿ ಜಿಜಿಎಜಿ ಎಂಬ ಅಕ್ಷರ ಸಾಲು ಇರುತ್ತದೆ. ಎಚ್‌ಎನ್‌ಆರ್‌ಎನ್‌ಪಿ ಎ2ಬಿ1 ಎಂಬ ಪ್ರೋಟೀನ್ ಅದನ್ನು ಗುರುತು ಹಿಡಿದು ಒಳಗೆ ಸೇರಿಸುತ್ತದೆ.

ಆದರೆ ಇದನ್ನು ಜಾಸ್ತಿ ಹೊಗಳುವವರ ಮಾತು ಪೂರ್ತಿ ನಂಬಬೇಡಿ. 2014ರಲ್ಲಿ ಎಣಿಸಿ ನೋಡಿದಾಗ, ಹೇರಳವಾಗಿರುವ ಮೈಕ್ರೋಆರ್‌ಎನ್‌ಎ ಕೂಡ ಸರಾಸರಿ ಒಂದು ಎಕ್ಸೋಸೋಮ್‌ಗೆ ಒಂದು ಪ್ರತಿಗಿಂತ ಕಡಿಮೆ ಸಿಕ್ಕಿತು. ಮೈಗೆ ಮೈ ತಾಗಿದ ಕೋಶಗಳ ನಡುವೆ ಪರಿಣಾಮ ಆಗುವುದು ನಂಬುವ ಮಾತೇ. ರಕ್ತದಲ್ಲಿ ಚದುರಿ ದೂರದ ಅಂಗ ತಲುಪುವ ಚೀಲಗಳ ಬಗ್ಗೆ ಅಷ್ಟು ಸಲೀಸಾಗಿ ಹೇಳಲಾಗದು.