ಎದೆ ಕಟ್ಟಿ ಜ್ವರ ಬಂದಿದೆ, ಮಗುವಿಗೆ ಹಾಲು ಕುಡಿಸಬಹುದೇ?

ಪ್ರಶ್ನೆ: ಹೆರಿಗೆಯಾಗಿ ಮೂರು ವಾರ. ತವರಿನಲ್ಲಿ ಬಾಣಂತನ ನಡೆಯುತ್ತಿದೆ. ನಿನ್ನೆ ಸಂಜೆಯಿಂದ ಎಡ ಎದೆಯ ಹೊರಭಾಗ ಕೆಂಪಾಗಿ, ಕಲ್ಲಿನಂತೆ ಗಟ್ಟಿಯಾಗಿದೆ. ಚಳಿ, 101 ಡಿಗ್ರಿ ಜ್ವರ. ಅಮ್ಮ ಬಿಸಿ ಎಣ್ಣೆ ಹಚ್ಚಿ ಒತ್ತಿ ನೀವುತ್ತಾರೆ, ಆಮೇಲೆ ನೋವು ಇನ್ನೂ ಹೆಚ್ಚುತ್ತದೆ. ಅಜ್ಜಿ ‘ಆ ಹಾಲು ಕೆಟ್ಟಿದೆ, ಹಿಂಡಿ ಚೆಲ್ಲು’ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಹಾಲು ಕೆಟ್ಟಿಲ್ಲ. ಆ ಎದೆಯ ಹಾಲನ್ನೂ ಮಗು ಧಾರಾಳವಾಗಿ ಕುಡಿಯಬಹುದು. ಬಾವಿನಿಂದ ಹಾಲು ತುಸು ಉಪ್ಪುಪ್ಪಾಗಿ ಮಗು ಮುಖ ತಿರುಗಿಸಿದರೆ ಹೆದರಬೇಡಿ. ಕುಡಿಸುವುದನ್ನು ಥಟ್ಟನೆ ನಿಲ್ಲಿಸಿದರೆ ಬಾವು ಕೀವಾಗುವ ಅಪಾಯವಿದೆ.

ನೀವುವುದನ್ನು ಮಾತ್ರ ಇಂದೇ ನಿಲ್ಲಿಸಿ. ಗಂಟು ಕರಗಲಿ ಎಂದು ಅಮ್ಮ ಅಕ್ಕರೆಯಿಂದಲೇ ಒತ್ತುತ್ತಿದ್ದಾರೆ. ಆದರೆ ಕೈಗೆ ಸಿಗುತ್ತಿರುವುದು ಹೆಪ್ಪುಗಟ್ಟಿದ ಹಾಲಲ್ಲ, ಊತ. ಹಾಲಿನ ಸಣ್ಣ ನಾಳಗಳ ಸುತ್ತಲಿನ ಭಾಗ ಊದಿಕೊಂಡು ಅವುಗಳನ್ನು ಅಮುಕಿ ಹಿಡಿದಿದೆ. ಹೆಬ್ಬೆರಳಿನಿಂದ ತಿಕ್ಕಿದಷ್ಟೂ ಒಳಗೆ ಗಾಯವಾಗಿ ಊತ ಏರುತ್ತದೆ. ‘ಬಿಸಿ ಶಾಖ ಕೊಡಿ, ನೀವಿ, ಎದೆ ಪೂರ್ತಿ ಖಾಲಿ ಮಾಡಿ’ ಎಂದು ವೈದ್ಯರಾದ ನಾವೇ ವರ್ಷಗಟ್ಟಲೆ ಹೇಳಿದ್ದೇವೆ. 2022ರಲ್ಲಿ ಎದೆಹಾಲೂಡಿಕೆಯ ಬಗ್ಗೆ ಕೆಲಸ ಮಾಡುವ ವೈದ್ಯರ ಅಂತರರಾಷ್ಟ್ರೀಯ ಸಂಘಟನೆ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಆ ಸಲಹೆಯನ್ನೇ ಬದಲಿಸಿತು.

ಈಗ ಬೇಕಿರುವುದು ತಂಪು. ಐಸ್ ತುಂಡುಗಳನ್ನು ಹಳೆಯ ಪಂಚೆಯ ಬಟ್ಟೆಯಲ್ಲಿ ಸುತ್ತಿ, ಕೆಂಪಾದ ಜಾಗದ ಮೇಲೆ ಹತ್ತು ಹದಿನೈದು ನಿಮಿಷ ಇಡಿ, ಗಂಟೆಗೊಮ್ಮೆಯೂ ಇಡಬಹುದು. ಬಾಣಂತಿಗೆ ತಣ್ಣನೆಯದು ಸೋಕಬಾರದು ಎಂದು ಮನೆಯವರು ತಡೆದರೆ ಈ ಉತ್ತರವನ್ನು ಅವರಿಗೂ ಓದಿ ಹೇಳಿ. ಬಿಸಿನೀರಿನ ಸ್ನಾನ ನಡೆಯಲಿ, ಐಸ್ ಎದೆಗಷ್ಟೇ. ನೋವು, ಜ್ವರಕ್ಕೆ ಐಬುಪ್ರೊಫೇನ್ ಅಥವಾ ಪ್ಯಾರಾಸಿಟಮಾಲ್ ಹಾಲೂಡಿಸುವವರಿಗೆ ಸುರಕ್ಷಿತ. ಹೊಟ್ಟೆಯ ಹುಣ್ಣು, ಆಸ್ತಮಾ, ಮೂತ್ರಪಿಂಡದ ತೊಂದರೆ ಇದ್ದರೆ ಐಬುಪ್ರೊಫೇನ್ ಬೇಡ.

ಮಗು ಕೇಳಿದಾಗಲೆಲ್ಲ ಕುಡಿಸಿ; ಅದು ಸಾಲದೆಂದು ಪಂಪ್ ಹಾಕಿ ಹಿಂಡಬೇಡಿ. ಹಿಂಡಿದಷ್ಟೂ ಹಾಲು ಹೆಚ್ಚು ಊರಿ ಎದೆ ಮತ್ತೆ ಬಿಗಿಯುತ್ತದೆ. ತೊಟ್ಟಷ್ಟೇ ಅಲ್ಲ, ಅದರ ಸುತ್ತಲಿನ ಕಪ್ಪು ಭಾಗವೂ ಮಗುವಿನ ಬಾಯೊಳಗಿರಲಿ, ಗದ್ದ ಎದೆಗೆ ತಾಗಿರಲಿ. ಬಿಗಿಯಾದ ರವಿಕೆ ಬೇಡ.

ಹೀಗೆ ಮಾಡಿಯೂ 24 ಗಂಟೆಯಲ್ಲಿ ಇಳಿಮುಖವಾಗದಿದ್ದರೆ ವೈದ್ಯರನ್ನು ಕಾಣಿ, ಆ್ಯಂಟಿಬಯೋಟಿಕ್ ಬೇಕಾಗಬಹುದು. ನಿಮಗೆ ತೀರಾ ಸುಸ್ತಾದರೆ, ತೊಟ್ಟಿನಿಂದ ಕೀವು ಬಂದರೆ ಅಷ್ಟೂ ಕಾಯಬೇಡಿ. ಜ್ವರ ಇಳಿದ ಮೇಲೂ ಮೆತ್ತನೆಯ ಗಡ್ಡೆ ಉಳಿದರೆ ಸ್ಕ್ಯಾನ್ ಮಾಡಿಸಿ. ಒಳಗೆ ಕೀವಿದ್ದರೆ ಸಾಮಾನ್ಯವಾಗಿ ಸೂಜಿಯಿಂದಲೇ ತೆಗೆಯುತ್ತಾರೆ, ಆಗಲೂ ಹಾಲು ಬಿಡಿಸಬೇಕಿಲ್ಲ.